ಅಪ್‌ಡೇಟ್: ಆ ಇಂದ್ರಜಾಲ ಕಾಮಿಕ್ಸ್ ಕಟ್ಟನ್ನು ಕೈಯಲ್ಲಿ ಹಿಡಿದು ನೋಡಿದೆ

ಹೋದ ತಿಂಗಳು ಕೇಳಿದ್ದೆ: 1960ರ ದಶಕದ 12 ಇಂದ್ರಜಾಲ ಕಾಮಿಕ್ಸ್ ಒಟ್ಟಿಗೆ ಸಿಗುತ್ತಿವೆ, ಮಾರುವವರು ‘ನಿಯರ್ ಮಿಂಟ್’ (ಹೆಚ್ಚುಕಡಿಮೆ ಹೊಸದರಂತೆ) ಅನ್ನುತ್ತಿದ್ದಾರೆ, ಹೂಡಿಕೆ ಅಂತ ತೆಗೆದುಕೊಳ್ಳಲಾ? ಫೋಟೋ ನಂಬಬೇಡಿ, ಹೋಗಿ ನೋಡಿ ಅಂದಿರಿ. ಹೋದೆ. ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಮುಖಪುಟಗಳು ನಿಜಕ್ಕೂ ಚೆನ್ನಾಗಿದ್ದವು, ಬಣ್ಣ ಒಂಚೂರೂ ಮಾಸಿರಲಿಲ್ಲ. ಆದರೆ ಒಳಗೆ ಬೆನ್ನಿನ ಪಕ್ಕ ಸಾಲಾಗಿ ಮೂರು ತೂತು! ಹೆಚ್ಚಿನವು ಬೈಂಡ್ ಮಾಡಿಸಿ ಆಮೇಲೆ ಬಿಚ್ಚಿದ ಪ್ರತಿಗಳು. ಹತ್ತಾರು ಕಾಮಿಕ್ಸ್ ಸೇರಿಸಿ ಬೈಂಡ್ ಮಾಡಿಸುವುದು ಆಗ ಎಷ್ಟೋ ಮನೆಗಳಲ್ಲಿ ಇತ್ತಲ್ವಾ. ಬೈಂಡ್ ಮಾಡುವಾಗ ಅಂಚನ್ನೂ ಕತ್ತರಿಸಿದ್ದಾರೆ. ನನ್ನ ಹತ್ತಿರವಿದ್ದ ಪ್ರತಿಯ ಪಕ್ಕ ಇಟ್ಟರೆ ಮೂರು ಮಿಲಿಮೀಟರ್ ಗಿಡ್ಡ. ಒಂದು ಪುಟದಲ್ಲಿ ಮಾತಿನ ಗುಳ್ಳೆಯ ಕೊನೆಯ ಅಕ್ಷರವೇ ಹೋಗಿತ್ತು. ಕಾಮಿಕ್ಸ್ ಎಷ್ಟು ಚೆನ್ನಾಗಿದೆ ಅಂತ ಕೊಡುವ ಅಂಕದಲ್ಲಿ ನಿಯರ್ ಮಿಂಟ್ ಅಂದರೆ 10ಕ್ಕೆ 9.4. ಅಂಚು ಕತ್ತರಿಸಿದ್ದು ಎಷ್ಟೇ ನೀಟಾಗಿ ಕಂಡರೂ ಅಲ್ಲಿಗೆ ಮುಟ್ಟುವುದಿಲ್ಲ.

ಪಿನ್ನುಗಳು ಹೊಳೆಯುತ್ತಿದ್ದವು, ಸುತ್ತಲ ಕಾಗದದಲ್ಲಿ ಮಾತ್ರ ಹಳೆಯ ತುಕ್ಕಿನ ಕಂದು ಕಲೆ. ಪಿನ್ ಬದಲಿಸಿದ್ದಾರೆ, ಹೇಳಿಲ್ಲ. ಇದು ನನಗೆ ಜಾಸ್ತಿ ಬೇಜಾರಾಯಿತು.

ಬೈಂಡ್ ಆಗದ ಎರಡು ಪ್ರತಿ ಮಾತ್ರ ತಂದೆ. ಲೈಬ್ರರಿ ಸೀಲ್ ಇದೆ, ಬೆನ್ನಿನ ಮೇಲೆ ಸಣ್ಣ ಗೆರೆಗಳಿವೆ. ಆದರೆ ಪುಟ ಎಣಿಸಿದೆ, ಎಲ್ಲ ಇವೆ, ನಡುವಿನ ಹಾಳೆ ಪಿನ್ನಿನಿಂದ ಬಿಡದೆ ಗಟ್ಟಿಯಾಗಿ ನಿಂತಿದೆ. ಮುಗ್ಗಲು ವಾಸನೆ ಇಲ್ಲ. ಕಾಲಕ್ರಮೇಣ ಕಾಗದ ಹಾಳುಮಾಡುವ ಪಿವಿಸಿ ಪ್ಲಾಸ್ಟಿಕ್ ಕವರ್ ತೆಗೆದು, ಸುರಕ್ಷಿತವಾದ ಪಾಲಿಪ್ರೊಪಿಲೀನ್ ಕವರಿಗೆ ಹಾಕಿದ್ದೇನೆ. ಮಳೆಗಾಲ ಬರುವ ಮೊದಲು ಗೋಡೆಯಿಂದ ದೂರ ಜಾಗ ಮಾಡಬೇಕು.