ಟ್ರೇಲರ್ ಒಳಗೆ ಇಲಿ ಸೇರಿಕೊಂಡಿದೆ, ಗುಡಿಸಬಹುದಾ?

ಫ್ರೀಮಾಂಟ್_ಅಮ್ಮ
ಕಾರಿನ ಹಿಂದೆ ಕಟ್ಟಿ ಎಳೆಯೋ, ಒಳಗೆ ಮಲಗಬಹುದಾದ ಹಳೇ ಟ್ರೇಲರ್ ಒಂದನ್ನ ಕೊಂಡಿದ್ದೆವು. ಚಳಿಗಾಲವೆಲ್ಲ ಮನೆ ಪಕ್ಕ ಸುಮ್ನೆ ನಿಂತಿತ್ತು. ಈಗ ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕ್ ಹತ್ತಿರ ಕ್ಯಾಂಪ್‌ಗೆ ತಂದಿದ್ದೇವೆ. ರಾತ್ರಿ ಸಿಂಕ್ ಕೆಳಗೆ ಕರಕರ ಸದ್ದು. ಬೆಳಗ್ಗೆ ನೋಡಿದರೆ ಅತ್ತೆ ಊರಿಂದ ತಂದ ಕೋಡುಬಳೆ ಪ್ಯಾಕೆಟ್ ತೂತು, ಡ್ರಾಯರ್ ತುಂಬ ಕರಿಜೀರಿಗೆ ಚೆಲ್ಲಿದ ಹಾಗೆ ಹಿಕ್ಕೆ. ಪೊರಕೆ ತಗೊಂಡೆ, ನಮ್ಮನೆಯವರು ಕಾಯಿಲೆ ಬರುತ್ತೆ ಅಂತ ತಡೆದರು. ನಿಜಾನಾ? ಅತ್ತೆ ಬೇರೆ ಗಣಪನ ವಾಹನ, ಕೊಲ್ಲಬೇಡಿ ಅಂತಿದ್ದಾರೆ. ಚಿಕ್ಕ ಮಕ್ಕಳಿದ್ದಾರೆ.

ಸಿಯೆರಾ_ಸುತ್ತಾಟ
ಅವರು ಹೇಳಿದ್ದೇ ಸರಿ. ಪೊರಕೆ ಬೇಡ, ವ್ಯಾಕ್ಯೂಮ್ ಅಂತೂ ಬೇಡವೇ ಬೇಡ. ಆ ಕಡೆ ಕಾಡಲ್ಲಿರೋ ಡಿಯರ್ ಮೌಸ್ ಅನ್ನೋ ಇಲಿಯ ಉಚ್ಚೆ, ಹಿಕ್ಕೆ, ಎಂಜಲಲ್ಲಿ ಶ್ವಾಸಕೋಶ ಕೆಡಿಸೋ ಹಂಟಾ ವೈರಸ್ ಇರಬಹುದು, ಒಣಗಿದ್ದನ್ನ ಕೆದಕಿದರೆ ಧೂಳಿನ ಜೊತೆ ಮೂಗಿಗೆ ಹೋಗುತ್ತೆ. 2012ರಲ್ಲಿ ಯೊಸೆಮಿಟಿಯಲ್ಲೇ 10 ಜನರಿಗೆ ತಗುಲಿ 3 ಜನ ತೀರಿಹೋದರು. ಹೆಚ್ಚಿನವರು ಅಲ್ಲಿನ ಕರಿ ವಿಲೇಜ್ ಅನ್ನೋ ವಸತಿ ಜಾಗದ ಜೋಡಿ ಗೋಡೆಯ ಟೆಂಟ್ ಕ್ಯಾಬಿನ್‌ಗಳಲ್ಲಿ ಇದ್ದವರು, ಆ ಗೋಡೆಗಳ ಸಂದಿಯಲ್ಲಿ ಇಲಿ ಗೂಡು ಕಟ್ಟಿತ್ತು. ತಗುಲೋದು ಅಪರೂಪ, ತಗುಲಿದರೆ ಮಾತ್ರ ಕಷ್ಟ.

ಮಕ್ಕಳನ್ನ ಹೊರಗೆ ಕಳಿಸಿ. ಬಾಗಿಲು ಕಿಟಕಿ ತೆಗೆದಿಟ್ಟು ನೀವೂ ಅರ್ಧ ಗಂಟೆ ಹೊರಗಿರಿ. ಆಮೇಲೆ ಗ್ಲೌಸ್ ಹಾಕಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ ಚೆನ್ನಾಗಿ ನೆನೆಯೋ ಹಾಗೆ ಹಾಕಿ, 5 ನಿಮಿಷ ಬಿಟ್ಟು ಪೇಪರ್ ಟವಲ್‌ನಲ್ಲಿ ಒರೆಸಿ ಕವರ್ ಕಟ್ಟಿ ಎಸೆಯಿರಿ. ಬ್ಲೀಚ್‌ಗೆ ವಿನೆಗರ್, ಅಮೋನಿಯಾ ಸೇರಿಸಬೇಡಿ, ವಿಷಗಾಳಿ ಬರುತ್ತೆ. ಕೋಡುಬಳೆ ಆಸೆ ಬಿಡಿ.

ರಿಪೇರಿ_ರಾಯ
ಕ್ಲೀನ್ ಮಾಡಿ ತೂತು ಬಿಟ್ಟರೆ ನಾಳೆ ಮತ್ತೆ ಅದೇ ಕಥೆ. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಇಲಿಗೆ ಸಾಕು. ಕತ್ತಲಾದ ಮೇಲೆ ಒಬ್ಬರು ಒಳಗಿಂದ ಸಿಂಕ್ ಕೆಳಗೆ ಟಾರ್ಚ್ ಹಿಡಿಯಿರಿ, ಇನ್ನೊಬ್ಬರು ಹೊರಗೆ ನೆಲಕ್ಕೆ ಮಲಗಿ ಎಲ್ಲಿ ಬೆಳಕು ಬರುತ್ತೆ ನೋಡಿ. ನಮ್ಮದರಲ್ಲಿ ನೀರಿನ ಪೈಪ್ ಸುತ್ತ ಮತ್ತು ಕರೆಂಟ್ ಕೇಬಲ್ ಹೊರಗೆ ಹೋಗೋ ಮುಚ್ಚಳದ ಹತ್ತಿರ ಇತ್ತು. ಸ್ಟೀಲ್ ವುಲ್ (ಉಕ್ಕಿನ ನಾರು) ಒತ್ತಿ ತುಂಬಿ, ಮೇಲೆ ಸೀಲೆಂಟ್ ಹಚ್ಚಿ. ಬರೀ ಫೋಮ್ ಹಾಕಿದರೆ ಕಡಿದು ಹಾಕುತ್ತೆ. ಪುದೀನ ಎಣ್ಣೆ ಅದೂ ಇದೂ ಅಂತ ದುಡ್ಡು ಕಳೆಯಬೇಡಿ, ನಾನು ಎಣ್ಣೆ ಅದ್ದಿಟ್ಟ ಹತ್ತಿಯನ್ನೇ ಎಳೆದುಕೊಂಡು ಹೋಗಿ ಗೂಡು ಮಾಡಿತ್ತು!

ಕಡ್ಲೆಬೀಜ
ಗಣಪನ ಕ್ಷಮೆ ಕೇಳಿ ಸ್ಪ್ರಿಂಗ್ ಬೋನು ಇಡಿ, ಗೋಡೆಗೆ ಒತ್ತಿ, ಬಟಾಣಿಯಷ್ಟು ಪೀನಟ್ ಬಟರ್ ಸಾಕು, ಮಕ್ಕಳ ಕೈಗೆ ಸಿಗದ ಕಡೆ. ಪಾಷಾಣ ಬೇಡ. ಗೋಡೆ ಒಳಗೆ ಸತ್ತರೆ ಬಿಸಿಲಿಗೆ ಆ ವಾಸನೆ ತಡೆಯೋಕಾಗಲ್ಲ, ವಿಷ ತಿಂದ ಇಲಿಯನ್ನ ಹಿಡಿದು ತಿಂದ ಗೂಬೆಯೂ ಸಾಯುತ್ತೆ. ಅಂಟು ಹಲಗೆಯೂ ಬೇಡ, ಸಿಕ್ಕಿಕೊಂಡ ಇಲಿ ಹೆದರಿ ಉಚ್ಚೆ ಹೊಯ್ಯುತ್ತೆ, ಅದರಿಂದ ಅಪಾಯ ಇನ್ನೂ ಜಾಸ್ತಿ ಅಲ್ವಾ.

ಫ್ರೀಮಾಂಟ್_ಅಮ್ಮ
ಥ್ಯಾಂಕ್ಸ್. ನೆನೆಸಿ ಒರೆಸಿದ್ದಾಯಿತು, ಪೈಪ್ ಪಕ್ಕದ ತೂತೂ ಸಿಕ್ಕಿತು. ಆದರೆ ನಿಮ್ಮನ್ನ ಕೇಳೋ ಮುಂಚೆ ಒಂದು ಮೂಲೆ ಗುಡಿಸಿಬಿಟ್ಟಿದ್ದೆ. ಈಗೇನು?

ಸಿಯೆರಾ_ಸುತ್ತಾಟ
ಗಾಬರಿ ಬೇಡ. 8 ವಾರ ಗಮನ ಇರಲಿ. ಜ್ವರ, ತೊಡೆ ಸೊಂಟದಲ್ಲಿ ಜೋರು ನೋವು ಬಂದರೆ ಉಸಿರಾಟ ಕಷ್ಟ ಆಗೋವರೆಗೂ ಕಾಯಬೇಡಿ. ಡಾಕ್ಟರ್ ಹತ್ತಿರ ಹೋಗಿ ಇಲಿ ವಿಷಯ ಮೊದಲೇ ಹೇಳಿ. ನೀವು ಹೇಳದಿದ್ದರೆ ಫ್ಲೂ ಅಂತ ಮಾತ್ರೆ ಕೊಟ್ಟು ಕಳಿಸಬಹುದು.