ಹಾಸ್ಟೆಲ್ ಹುಡುಗರ ವಿಷಯ, ಅಕ್ಕನಿಗೆ ಉತ್ತರ

ಅಕ್ಕ, ನಿನ್ನ ಮೆಸೇಜ್ ಬೆಳಿಗ್ಗೆಯೇ ಕೇಳಿದೆ. ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು. ಈಗ ಷಟರ್ ಎಳೆದು ಕೂತು ಮಾತಾಡುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ. ನಮ್ಮ ಸಮಾಜದ ಹಾಸ್ಟೆಲ್‌ನಲ್ಲಿ ಇಬ್ಬರು ಪಿಯುಸಿ ಹುಡುಗರು ಕುಡಿದು ಸಿಕ್ಕಿಬಿದ್ದಿದ್ದಾರೆ, ನೀನು ಬಂದು ಜೈಲಿನ ಕಥೆ ಹೇಳಿ ಚೆನ್ನಾಗಿ ಹೆದರಿಸು ಅಂದೆ. ಅದರ ಕೆಳಗೇ ದೊಡ್ಡಪ್ಪ ಬರೆದಿದ್ದಾರೆ, ಜೈಲಿಗೆ ಹೋಗಿ ಬಂದವನು ಮಕ್ಕಳಿಗೆ ಏನು ಬುದ್ಧಿ ಹೇಳುತ್ತಾನೆ ಅಂತ. ಇಬ್ಬರಿಗೂ ಉತ್ತರ ಕೊಡಬೇಕು.

ದೊಡ್ಡಪ್ಪ, ನೀವು ಕೇಳಿದ್ದು ತಪ್ಪಲ್ಲ. ಗ್ರೂಪಿನಲ್ಲಿ ಹೊಸಬರೂ ಇದ್ದಾರೆ, ಅದಕ್ಕೆ ಬಿಡಿಸಿಯೇ ಹೇಳುತ್ತೇನೆ. ನಾನು ಕುಡಿದು ಗೂಡ್ಸ್ ಆಟೋ ಓಡಿಸಿದೆ. ಸೈಕಲ್‌ನಲ್ಲಿ ಮನೆಗೆ ಹೋಗುತ್ತಿದ್ದ ಒಬ್ಬರು ಸತ್ತರು. ಆಗಿನ ಕಾನೂನಿನಲ್ಲಿ ನಿರ್ಲಕ್ಷ್ಯದಿಂದ ಆದ ಸಾವಿಗೆ ಹೆಚ್ಚೆಂದರೆ 2 ವರ್ಷ ಜೈಲು. ನನಗೆ ಅಷ್ಟೂ ಆಯಿತು. 2024ರ ಜುಲೈನಲ್ಲಿ ಬಂದ ಹೊಸ ಕಾನೂನಿನಲ್ಲಿ ಅದು 5 ವರ್ಷದವರೆಗೆ ಇದೆ. ಹೊರಗೆ ಬಂದ ಮೇಲೆ ಕ್ಷಮೆ ಕೇಳೋಕೆ ಅವರ ಊರಿಗೆ ಹೋಗಿದ್ದೆ. ಅವರ ಹೆಂಡತಿ ಬಾಗಿಲಲ್ಲೇ ನಿಂತು, ಇನ್ನೊಂದ್ಸಲ ಬರಬೇಡಿ ಅಂದರು. ಮತ್ತೆ ಹೋಗಿಲ್ಲ. ಅವರ ಮನೆಯ ದುಃಖವನ್ನು ಹುಡುಗರ ಮುಂದೆ ನನ್ನ ಭಾಷಣ ಮಾಡಿಕೊಳ್ಳೋಕೆ ನನಗೆ ಹಕ್ಕಿಲ್ಲ. ಹುಡುಗರೇ ಕೇಳಿದರೆ ಮುಚ್ಚಿಡುವುದಿಲ್ಲ.

ಅಕ್ಕ, ಇನ್ನು ಹೆದರಿಸುವ ಮಾತು. ನನಗೆ ಸಿಕ್ಕ ಕೌನ್ಸೆಲರ್ ಒಬ್ಬರು ಹೇಳಿದ್ದು ತಲೆಯಲ್ಲೇ ಕೂತಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ರಾಹ್‌ವೇ ಅಂತ ಒಂದು ಜೈಲು. 1970ರ ದಶಕದಲ್ಲಿ ದಾರಿ ತಪ್ಪಿದ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಜೀವಾವಧಿ ಕೈದಿಗಳಿಂದ ಕಿರುಚಾಡಿಸಿ ಹೆದರಿಸುತ್ತಿದ್ದರಂತೆ. ಅದಕ್ಕೆ ದೊಡ್ಡ ಹೆಸರೂ ಬಂತು, ಬೇರೆ ಕಡೆಯೂ ಶುರು ಮಾಡಿದರು. ಆಮೇಲೆ ಸಂಶೋಧಕರು, ಆ ಜೈಲಿಗೆ ಹೋಗಿ ಬಂದ ಹುಡುಗರನ್ನೂ ಹೋಗದೇ ಇದ್ದವರನ್ನೂ ಹೋಲಿಸಿ ನೋಡಿದರೆ, ಹೋಗಿ ಬಂದವರೇ ಜಾಸ್ತಿ ತಪ್ಪು ಮಾಡಿದ್ದರು! ನನಗೆ ಆಶ್ಚರ್ಯ ಆಗಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಅಪ್ಪ ನನಗೆ ಬೆಲ್ಟ್ ತೆಗೆದು ಹೆದರಿಸಿದ್ದರು. ನಾನು ಕುಡಿಯೋದು ಬಿಡಲಿಲ್ಲ, ಮನೆಗೆ ಬರೋದು ಬಿಟ್ಟೆ.

ಜೈಲು ನನ್ನ ಕುಡಿತ ಬಿಡಿಸಿತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಇಲ್ಲ. ಕೇಸು ನಡೆಯುವಾಗಲೂ ಕುಡಿಯುತ್ತಿದ್ದೆ. ಶಿಕ್ಷೆಯಾಗಿ ಒಳಗೆ ಹೋದ ಎರಡನೇ ರಾತ್ರಿ ಕೈ ನಡುಕ, ಮೈಯೆಲ್ಲ ಬೆವರು, ಗೋಡೆ ತುಂಬ ಹುಳ ಹರಿದಾಡಿದ ಹಾಗೆ ಕಾಣುತ್ತಿತ್ತು. ಜೈಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟು ಉಳಿಸಿದರು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಯಾರ ಮನೆಯಲ್ಲಾದರೂ ಅಂಥವರಿದ್ದರೆ ದಯವಿಟ್ಟು ರೂಮಿಗೆ ಬೀಗ ಹಾಕಿ ಬಿಡಿಸೋಕೆ ಹೋಗಬೇಡಿ. ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಬಿಡುಗಡೆಯಾದ 19ನೇ ದಿನ ಮತ್ತೆ ಕುಡಿದೆ. ಮನೆಯಲ್ಲಿ ಊಟ ಹಾಕುತ್ತಿದ್ದರು, ಮಾತಾಡಿಸುತ್ತಿರಲಿಲ್ಲ. ಆಗ ಅಮ್ಮ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಸೇರಿಸಿದಳು. ಶಿಬಿರ 8 ದಿನ. ನನ್ನನ್ನು ಉಳಿಸಿದ್ದು ಅದಾದ ಮೇಲಿನ ನವಜೀವನ ಸಮಿತಿ, ಕುಡಿತ ಬಿಟ್ಟವರೇ ಸೇರುವ ಸಭೆ. ಅಲ್ಲಿ ಗಾರೆ ಕೆಲಸದ ಹಿರಿಯರೊಬ್ಬರು ಸಿಕ್ಕರು. "ಯಾವ ಹೊತ್ತಲ್ಲಿ ಜಾಸ್ತಿ ಕಷ್ಟ ಆಗುತ್ತೆ?" ಅಂತ ಕೇಳಿದರು. ಸಂಜೆ ಆರಕ್ಕೆ ಅಂದೆ. "ಹಾಗಾದ್ರೆ ಆರಕ್ಕೆ ನನ್ನ ಹತ್ರ ಬಾ" ಅಂದರು. ನಾಲ್ಕು ತಿಂಗಳು ದಿನಾ ಸಂಜೆ ಹೋಗಿ, ಅವರು ಕಟ್ಟಿದ ಗೋಡೆಗೆ ಸುಮ್ನೆ ನೀರು ಹೊಡೆದೆ. ಕುಡಿತದ ಬಗ್ಗೆ ಅವರು ಆಡಿದ ಮಾತು ಕಡಿಮೆ. ಈಗ ಆರು ವರ್ಷ ಆಯಿತು.

ನಾನೂ ಅದನ್ನೇ ಮಾಡುತ್ತೇನೆ ಅಕ್ಕ. ಭಾನುವಾರ ಇಬ್ಬರನ್ನೂ ಗ್ಯಾರೇಜಿಗೆ ಕಳಿಸು. ಹಳೇ ಬೈಕಿನ ಕಾರ್ಬೊರೇಟರ್ ಬಿಚ್ಚಿ ಜೋಡಿಸೋದು ಕಲಿಸುತ್ತೇನೆ. ಎದುರಿಗೆ ಕೂರಿಸಿ ಕೇಳಿದರೆ ಹುಡುಗರು ಬಾಯಿ ಬಿಡುವುದಿಲ್ಲ, ಕೈಯಲ್ಲಿ ಸ್ಪ್ಯಾನರ್ ಇದ್ದಾಗ ತಾವೇ ಮಾತಾಡುತ್ತಾರೆ. ಈಗಾಗಲೇ ಮೂವರು ಬರುತ್ತಾರೆ. ಅವರಲ್ಲೊಬ್ಬ ಹೋದ ತಿಂಗಳು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಮಾಮ, ಫ್ರೆಂಡ್ಸ್ ಬಂದು ಕೆಳಗೆ ನಿಂತಿದ್ದಾರೆ, ನನಗೂ ಹೋಗ್ಬೇಕು ಅನ್ನಿಸ್ತಿದೆ" ಅಂದ. ಹೋದೆ. ಬಸ್ ಸ್ಟ್ಯಾಂಡ್ ಹತ್ತಿರ ಇಬ್ಬರೂ ಟೀ ಕುಡಿದೆವು. ಒಂದು ಗಂಟೆ ಕೂತರೂ ಅವನು ಕುಡಿತದ ಮಾತೇ ಎತ್ತಲಿಲ್ಲ. ಫಿಸಿಕ್ಸ್‌ನಲ್ಲಿ ಫೇಲ್ ಆಗಿರೋದನ್ನು ಅಪ್ಪನಿಗೆ ಹೇಗೆ ಹೇಳೋದು ಅಂತ ಕೇಳುತ್ತಿದ್ದ. ಇದೇ ಅಲ್ವಾ ನಾವು ಕಿವಿ ಕೊಡಬೇಕಾದ ಮಾತು?

ದೊಡ್ಡಪ್ಪ, ನಿಮಗೆ ಸಮಾಧಾನ ಆಗಬೇಕು ಅಂದರೆ ವಾರ್ಡನ್ ಜೊತೆಗೆ ಬರಲಿ, ಅಥವಾ ನೀವೇ ಬಂದು ಕೂರಿ. ಹುಡುಗರ ಮನೆಯವರಿಗೆ ನನ್ನ ಕೇಸಿನ ವಿಷಯ ಮೊದಲೇ ತಿಳಿಸಿ. ಅವರು ಬೇಡ ಅಂದರೆ ನನಗೆ ಬೇಸರವಿಲ್ಲ. ಆದರೆ ಕಮಿಟಿಯವರು ಆ ಇಬ್ಬರನ್ನು ಹಾಸ್ಟೆಲ್‌ನಿಂದ ಹೊರಗೆ ಹಾಕದ ಹಾಗೆ ನೋಡಿಕೊಳ್ಳಿ. ಹೊರಗೆ ಹಾಕಿದರೆ ಅವರು ಹೋಗಿ ಸೇರೋದು ಕುಡಿಸಿದವರ ಜೊತೆಗೇ.

ನಾನು ಡಾಕ್ಟರ್ ಅಲ್ಲ. ಅದಕ್ಕೆ ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಅನ್ನು ನೋಟಿಸ್ ಬೋರ್ಡಿಗೆ ಅಂಟಿಸಿ. ದುಡ್ಡಿಲ್ಲದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಭಾನುವಾರ ಒಂಬತ್ತಕ್ಕೆ ಷಟರ್ ತೆಗೆದಿರುತ್ತೇನೆ ಅಕ್ಕ. ಹುಡುಗರಿಗೆ ಹಳೇ ಬಟ್ಟೆ ಹಾಕಿಕೊಂಡು ಬರೋಕೆ ಹೇಳು, ಗ್ರೀಸ್ ಹತ್ತಿದರೆ ಹೋಗುವುದಿಲ್ಲ.