ಟ್ರಾನ್ಸ್‌ಪ್ಲಾಂಟ್ ಆಗಿ ಐದು ತಿಂಗ್ಳಿಗೆ ತಮ್ಮಂಗೆ ಪ್ಲೇಟ್‌ಲೆಟ್ 9,000, ಲಿಂಫೋಮಾ ವಾಪಸ್ ಬಂತಾ?

ಸಾಗರದ ಅಕ್ಕ:
ನಮ್ ತಮ್ಮಂಗೆ ಹಾಡ್ಜ್‌ಕಿನ್ ಲಿಂಫೋಮಾ ಅನ್ನೋ ಕ್ಯಾನ್ಸರ್, ಒಂದ್ಸಲ ವಾಸಿಯಾಗಿ ತಿರುಗಿ ಬಂತು, ಅದಕ್ಕೆ ಅವನದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸೋ ಮೂಲ ಕಣ) ತೆಗೆದಿಟ್ಟು ಜೋರು ಕೀಮೋ ಕೊಟ್ಟು ಟ್ರಾನ್ಸ್‌ಪ್ಲಾಂಟ್ ಮಾಡಿದ್ರು, ಕೌಂಟ್ ಎಲ್ಲ ನಾರ್ಮಲ್ ಆಗಿ ತೋಟಕ್ಕೂ ಹೋಗ್ತಿದ್ದ. ಹೋದ ವಾರ ಹಲ್ಲುಜ್ಜಿದ್ರೆ ರಕ್ತ, ಕಾಲ್ಮೇಲೆ ಕೆಂಪು ಚುಕ್ಕಿ, ಮೂತ್ರ ಡಿಕಾಕ್ಷನ್ ಬಣ್ಣ. ಹಿಮೋಗ್ಲೋಬಿನ್ 6.8. ಕೆಂಪು ಕಣಕ್ಕೆ ಆಂಟಿಬಾಡಿ ಅಂಟಿದ್ಯಾ ನೋಡೋ ಕೂಂಬ್ಸ್ ಟೆಸ್ಟ್ ಪಾಸಿಟಿವ್, ಇವಾನ್ಸ್ ಸಿಂಡ್ರೋಮ್ ಅಂತಿದಾರೆ, ಅಂದ್ರೆ ಕೆಂಪು ಕಣ, ಪ್ಲೇಟ್‌ಲೆಟ್ ಎರಡನ್ನೂ ದೇಹವೇ ನಾಶ ಮಾಡೋದಂತೆ. ಅವನದೇ ಸೆಲ್ ಹಾಕಿದ್ಮೇಲೂ ಅವನ ರಕ್ತದ ಮೇಲೆ ಅವನ ದೇಹನೇ ಹೆಂಗೆ ತಿರುಗಿ ಬೀಳತ್ತೆ? ಮನೇಲಿ ಪಪ್ಪಾಯಿ ಎಲೆ ರಸ ಕೊಡೋಣ ಅಂತಿದಾರೆ.

ಎರಡನೇ ಜನ್ಮ:
ಅಕ್ಕ, ನಂಗೂ ಆಗಿತ್ತು, ನಂದು ಅಣ್ಣ ಕೊಟ್ಟ ಸೆಲ್, ಏಳನೇ ತಿಂಗ್ಳಲ್ಲಿ. ನಮ್ ಡಾಕ್ಟ್ರು ಹೇಳಿದ್ದು, ಟ್ರಾನ್ಸ್‌ಪ್ಲಾಂಟ್ ಆದ್ಮೇಲೆ ಇಮ್ಯೂನಿಟಿ ಮತ್ತೆ ಮೊದಲಿಂದ ಬೆಳೀಬೇಕು, ಆಂಟಿಬಾಡಿ ಮಾಡೋ ಬಿ ಸೆಲ್ಲುಗಳು ಮೊದ್ಲು ಬಂದುಬಿಡ್ತವೆ, ಅವನ್ನ ಹದ್ದುಬಸ್ತಲ್ಲಿ ಇಡೋ ಟಿ ಸೆಲ್ಲುಗಳು ತಡವಾಗಿ ಬರ್ತವೆ, ಆ ನಡುವೆ ಇಂಥದ್ದೆಲ್ಲ ಆಗತ್ತೆ ಅಂತ. ಇದಾಗಿದೆ ಅಂದ್ರೆ ಕ್ಯಾನ್ಸರ್ ಬಂತು ಅಂತ ಅಲ್ಲ, ಆದ್ರೂ ಅದನ್ನ ನೋಡ್ಲೇಬೇಕು, ಸಿಎಂವಿ ಥರದ ವೈರಸ್ಸು, ತಗೊಳ್ತಿರೋ ಮಾತ್ರೆ ಎಲ್ಲಾನೂ ನೋಡ್ತಾರೆ. ನಂಗೆ ಸ್ಟಿರಾಯ್ಡ್‌ಗೆ ಕೌಂಟ್ ಏರಿ, ಕಮ್ಮಿ ಮಾಡ್ತಿದ್ದಂಗೆ ಮತ್ತೆ ಇಳೀತು, ಆಮೇಲೆ ರಿಟುಕ್ಸಿಮ್ಯಾಬ್ ಅಂತ ಬಿ ಸೆಲ್ಲು ಕಮ್ಮಿ ಮಾಡೋ ಔಷಧಿ, ವಾರಕ್ಕೊಂದರಂತೆ ನಾಲ್ಕು. ಅದಕ್ಕೆ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಆಗಿದ್ಯಾ ಕೇಳಿ. ಸ್ಟಿರಾಯ್ಡ್ ನೀವಾಗೇ ನಿಲ್ಲಿಸ್ಬೇಡಿ. ಪಪ್ಪಾಯಿ ರಸ ದಯವಿಟ್ಟು ಬೇಡ, ಇಲ್ಲಿ ಮುಖ್ಯವಾಗಿ ಪ್ಲೇಟ್‌ಲೆಟ್ ಹುಟ್ಟೋದು ಕಮ್ಮಿ ಆಗಿರೋದಲ್ಲ, ಹುಟ್ಟಿದ್ದನ್ನ ಗುಲ್ಮ ತಿಂದು ಹಾಕ್ತಿದೆ.

ಬ್ಲಡ್‌ಬ್ಯಾಂಕ್ ಮಂಜು:
ರಕ್ತ ಸಿಗೋದು ತಡ ಆದ್ರೆ ಗಾಬರಿ ಆಗ್ಬೇಡಿ. ಇವರ ಆಂಟಿಬಾಡಿ ಯಾರ ರಕ್ತ ಇಟ್ರೂ ಅಂಟ್ಕೊಳ್ಳತ್ತೆ, ಹಾಗಾಗಿ ಕ್ರಾಸ್‌ಮ್ಯಾಚ್ (ಕೊಡೋ ರಕ್ತ ಹೊಂದತ್ತಾ ಅನ್ನೋ ಟೆಸ್ಟ್) ಪೂರ್ತಿ ಕೂಡೋ ಬಾಟ್ಲು ಸಿಗೋದೇ ಕಷ್ಟ, ಇದ್ದುದ್ರಲ್ಲಿ ಕಮ್ಮಿ ರಿಯಾಕ್ಟ್ ಆಗೋದನ್ನ ಹುಡುಕಿ ನಿಧಾನಕ್ಕೆ ಏರಿಸ್ತಾರೆ. ಟ್ರಾನ್ಸ್‌ಪ್ಲಾಂಟ್ ಆಗಿರೋರು ಅಂತ ಪ್ರತೀಸಲ ಹೇಳಿ, ರೇಡಿಯೇಷನ್ ಕೊಟ್ಟ ರಕ್ತಾನೇ ಬೇಕು. ತಲೆನೋವು ಜೋರಾದ್ರೆ, ಮಾತು ತೊದಲಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ.

ಸಾಗರದ ಅಕ್ಕ:
ಇಬ್ರಿಗೂ ಕೈ ಮುಗೀತೀನಿ. ರಸ ಬೇಡ ಅಂತ ಅಮ್ಮಂಗೆ ಹೇಳ್ದೆ, ಅತ್ರು, ಒಪ್ಕೊಂಡ್ರು. ಸ್ಕ್ಯಾನಲ್ಲಿ ಗಂಟು ಏನೂ ಇಲ್ಲ. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ ಡ್ರಿಪ್) ಆಗಿ ಇವತ್ತು ಪ್ಲೇಟ್‌ಲೆಟ್ 31,000. ಸ್ಟಿರಾಯ್ಡ್ ಇಂದ ಶುಗರ್ 280 ಆಗಿದೆ, ನಿಮಗೂ ಹಂಗೇ ಆಗಿತ್ತಾ?

ಎರಡನೇ ಜನ್ಮ:
ಆಗಿತ್ತು, ಎರಡು ತಿಂಗ್ಳು ಇನ್ಸುಲಿನ್ ತಗೊಂಡೆ, ಡೋಸ್ ಇಳಿದ್ಮೇಲೆ ಹೋಯ್ತು.